ಮರ್ಸಿ ಥಾಂಪ್ಸನ್ ಸರಣಿ: ತೋಳಗಳ ನಡುವೆ ಅವಸರವಿಲ್ಲದ ಪ್ರೀತಿ

ತೋಳಮಾನವರ ಪ್ರೇಮಕಥೆಗಳಲ್ಲಿ ಬಹುಪಾಲು ಮೊದಲ ನೋಟದಲ್ಲೇ 'ಇವಳೇ ನನ್ನ ಜೋಡಿ' ಎಂದು ತೀರ್ಮಾನವಾಗಿಬಿಡುತ್ತದೆ. ನಾಯಕಿಗೆ ಒಪ್ಪಿಗೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಪೆಟ್ರೀಷಿಯಾ ಬ್ರಿಗ್ಸ್ ಅವರ ಮರ್ಸಿ ಥಾಂಪ್ಸನ್ ಸರಣಿ ಆ ಒಪ್ಪಿಗೆಯನ್ನೇ ಕಥೆಯಾಗಿಸುತ್ತದೆ. 2006ರ 'ಮೂನ್ ಕಾಲ್ಡ್'ನಿಂದ 2024ರ 'ವಿಂಟರ್ ಲಾಸ್ಟ್'ವರೆಗೆ 14 ಕಾದಂಬರಿಗಳು. ಅರ್ಬನ್ ಫ್ಯಾಂಟಸಿ (ಇಂದಿನ ಊರುಗಳಲ್ಲಿ ನಡೆಯುವ ಮಾಯಾಲೋಕದ ಕಥೆ) ಎಂಬ ಹಣೆಪಟ್ಟಿ ಇದ್ದರೂ ಬೆನ್ನೆಲುಬು ಪ್ರೀತಿಯೇ.

ಮರ್ಸಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟ್ರೈ-ಸಿಟೀಸ್‌ನಲ್ಲಿ ಫೋಕ್ಸ್‌ವ್ಯಾಗನ್ ಕಾರು ರಿಪೇರಿ ಮಾಡುವ ಮೆಕ್ಯಾನಿಕ್. ಬೆಳೆದದ್ದು ಮೊಂಟಾನಾದ ತೋಳಮಾನವರ ಹಿಂಡಿನಲ್ಲಿ, ಆದರೆ ಅವಳು ತಾಳುವುದು ತೋಳಕ್ಕಿಂತ ಚಿಕ್ಕ ಕಾಡುಪ್ರಾಣಿಯಾದ ಕೊಯೋಟಿಯ ರೂಪ. ಅವಳದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ರೂಪಾಂತರ. ತೋಳಗಳಿಗೆ ಅದು ಹಲವು ನಿಮಿಷಗಳ ಘೋರ ನೋವು. ಹುಣ್ಣಿಮೆಯಲ್ಲಿ ತೋಳಗಳು ಬದಲಾಗಲೇಬೇಕು, ಬೆಳ್ಳಿ ಸೋಕಿದರೆ ಅವಕ್ಕೆ ಅಪಾಯ. ಇವಳಿಗೆ ಎರಡೂ ಇಲ್ಲ.

ಈ ನಿಯಮಗಳು ಬರೀ ಅಲಂಕಾರವಲ್ಲ. ಆ ರೂಪಾಂತರದ ಹೊಡೆತಕ್ಕೆ ತೋಳ-ಹೆಂಗಸರ ಗರ್ಭ ನಿಲ್ಲುವುದಿಲ್ಲ. ಹಾಗಾಗಿ ಆ ಹಿಂಡಿನ, ಶತಮಾನಗಳಷ್ಟು ವಯಸ್ಸಾದ ತೋಳಮಾನವ ಸ್ಯಾಮ್ಯುಯೆಲ್ 16ರ ಮರ್ಸಿಯನ್ನು ಬಯಸಿದ್ದರ ಹಿಂದೆ ಉಳಿಯಬಲ್ಲ ಮಕ್ಕಳ ಆಸೆಯಿತ್ತು. ಅದು ಗೊತ್ತಾದ ಮೇಲೆ ಅವಳು ಹಿಂಡು ಬಿಟ್ಟು ಹೊರಟಳು. ವರ್ಷಗಳ ನಂತರ ಅವನು ಎದುರು ಬಂದಾಗ ಅವಳೇಕೆ ಹಿಂಜರಿಯುತ್ತಾಳೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅವಳನ್ನು ಬಯಸುವ ಇನ್ನೊಬ್ಬ ಪಕ್ಕದ ಮನೆಯ ಆ್ಯಡಮ್, ಅಲ್ಲಿನ ಹಿಂಡಿನ ಆಲ್ಫಾ, ಅಂದರೆ ನಾಯಕ. ಇವಳನ್ನು ಕೇಳದೆಯೇ ಹಿಂಡಿನ ಮುಂದೆ ಇವಳು ತನ್ನ ಜೋಡಿ ಎಂದು ಸಾರಿಬಿಟ್ಟಿದ್ದಾನೆ. ಅದರಿಂದ ಅವಳಿಗೆ ರಕ್ಷಣೆ ಸಿಕ್ಕಿತು, ನಿಜ. ಆದರೆ ಕೇಳಲಿಲ್ಲವಲ್ಲ! ಮರ್ಸಿಯ ಹಿತ್ತಿಲಲ್ಲಿ, ಅವನ ಮನೆಗೆ ಎದ್ದು ಕಾಣುವಂತೆ, ಬಿಡಿಭಾಗಕ್ಕೆಂದು ಇಟ್ಟ ಹಳೆಯ ರ‍್ಯಾಬಿಟ್ ಕಾರು ನಿಂತಿದೆ. ಅವನು ದರ್ಪ ತೋರಿಸಿದರೆ ಅದರ ಚಕ್ರ ಬಿಚ್ಚಿ ಇನ್ನಷ್ಟು ವಿಕಾರ ಮಾಡುತ್ತಾಳೆ. ಮೂರು ಕಾಲಿನ ಆ ಗುಜರಿ ಹೇಳುವಷ್ಟನ್ನು ಒಂದು ಪುಟದ ಜಗಳ ಹೇಳಲಾರದು.

ದೆವ್ವಗಳ ಮಟ್ಟಿಗೆ ಲೇಖಕಿ ಬಹಳ ಹಿಡಿತದಲ್ಲಿದ್ದಾರೆ. ಮರ್ಸಿಗೆ ಅವು ಕಾಣುತ್ತವೆ, ಆದರೆ ಹೆಚ್ಚಿನವು ಬದುಕಿದ್ದಾಗಿನ ರೂಢಿಯನ್ನೇ ಮುಂದುವರಿಸುವಂಥವು. 'ಬ್ಲಡ್ ಬೌಂಡ್'ನಲ್ಲಿ ಸತ್ತ ಮೇಲೂ ತಳ್ಳುಗಾಡಿ ಹಿಡಿದು ಓಡಾಡುವ ಮಿಸೆಸ್ ಹ್ಯಾನಾ ಹೆದರಿಸುವುದಿಲ್ಲ, ಕರುಳು ಹಿಂಡುತ್ತಾಳೆ. ಹೆದರಿಕೆ ಬೇಕಿದ್ದರೆ ನಾಲ್ಕನೆಯ ಪುಸ್ತಕ 'ಬೋನ್ ಕ್ರಾಸ್ಡ್'ನ ಸ್ಪೋಕೇನ್ ನಗರದ ಮನೆಯಿದೆ. ಅಲ್ಲಿ ದೆವ್ವದ ಕಾಟ ಕಿವಿ ಕೇಳದ ಹತ್ತು ವರ್ಷದ ಹುಡುಗನಿಗೆ.

ಕೊರತೆಗಳೂ ಇವೆ. ಮೊದಲ ಪುಸ್ತಕದ ಸಂಚಿನ ಕಾರಣಗಳೆಲ್ಲ ಕೊನೆಯಲ್ಲಿ ಒಟ್ಟಿಗೆ ಸುರಿಯುವುದರಿಂದ ಯಾರು ಯಾಕೆ ಏನು ಮಾಡಿದರೆಂದು ಹಿಂದಕ್ಕೆ ತಿರುಗಿಸಿ ನೋಡಬೇಕಾಗುತ್ತದೆ. ಹಿಂಡಿನಲ್ಲಿ ಮರ್ಸಿಗೆ ಸ್ನೇಹಿತೆಯರು ತೀರಾ ಕಡಿಮೆ. ಮುಖಪುಟಗಳಂತೂ ಅವಳ ಮೈತುಂಬ ಹಚ್ಚೆ ತೋರಿಸುತ್ತವೆ. ಕಥೆಯಲ್ಲಿ ಇರುವುದು ಒಂದು ಪುಟ್ಟ ಪಂಜದ ಗುರುತು.

ಒಂದು ಎಚ್ಚರಿಕೆ: ಮೂರನೆಯ 'ಐರನ್ ಕಿಸ್ಡ್'ನ ಕೊನೆಯ ಭಾಗದಲ್ಲಿ ಮರ್ಸಿಯ ಮೇಲೆ ಅತ್ಯಾಚಾರ ನಡೆಯುತ್ತದೆ. ಆ ಪುಸ್ತಕವನ್ನೇ ಬಿಟ್ಟು ಮುಂದೆ ಹೋದರೆ ನಾಲ್ಕನೆಯದು ಅರ್ಥವಾಗದು, ಅದು ಅಲ್ಲಿಂದಲೇ ಶುರುವಾಗುತ್ತದೆ. ಆ ಪುಟಗಳನ್ನು ಓದಲಾಗದವರು ಅವನ್ನಷ್ಟೇ ಹಾರಿಸಿ. ಆಘಾತ ಮುಂದಿನ ಪುಸ್ತಕದಲ್ಲಿ ಮಾಯವಾಗದೆ ಉಳಿಯುವುದು, ಆ್ಯಡಮ್ ಅವಳ ವೇಗಕ್ಕೇ ಕಾಯುವುದು, ಈ ಸರಣಿಯ ಬಗ್ಗೆ ಗೌರವ ಹುಟ್ಟಿಸುತ್ತದೆ.

ಇದೇ ಲೋಕದ ಇನ್ನೊಂದು ಸರಣಿ 'ಆಲ್ಫಾ ಅಂಡ್ ಒಮೆಗಾ'. ಅದನ್ನು 'ಕ್ರೈ ವುಲ್ಫ್'ನಿಂದ ಆರಂಭಿಸಿದವರು ಮೊದಲ ಪುಟದಲ್ಲೇ ಗೊಂದಲಕ್ಕೆ ಬೀಳುತ್ತಾರೆ, ಏಕೆಂದರೆ ನಾಯಕಿ ಆನಾ ಮತ್ತು ನಾಯಕ ಚಾರ್ಲ್ಸ್ ಭೇಟಿಯಾಗುವುದು ಅದಕ್ಕೂ ಮುಂಚಿನ ನೀಳ್ಗತೆಯಲ್ಲಿ. ಅದು 'ಶಿಫ್ಟಿಂಗ್ ಶ್ಯಾಡೋಸ್' ಸಂಕಲನದಲ್ಲಿದೆ. ಮೊದಲು ಅದನ್ನು ಓದಿ.

ಹದಿನಾಲ್ಕೂ ಓದುವ ಪುರುಸೊತ್ತು ಇಲ್ಲದವರು ಆರನೆಯ 'ರಿವರ್ ಮಾರ್ಕ್ಡ್'ಗೆ ನಿಲ್ಲಿಸಬಹುದು. ಮದುವೆ ಅಲ್ಲಿ ನಡೆಯುತ್ತದೆ.