ನೆಲದ ರೂಪಗಳನ್ನು ಓದಬಯಸುವವರಿಗೆ ಗೂಗಲ್ ಅರ್ಥ್ ಪ್ರೊ: ಒಂದು ವಿಮರ್ಶೆ

ಮರುಭೂಮಿ, ಪರ್ವತ, ನದಿಗಳ ಭೂವಿಜ್ಞಾನದಲ್ಲಿ ಆಸಕ್ತಿಯುಳ್ಳವರು ಮೊದಲು ಎದುರಿಸುವ ತೊಡಕೆಂದರೆ, ನೋಡಬೇಕಾದ ವಸ್ತುವೇ ಕಣ್ಣಳತೆಯನ್ನು ಮೀರಿರುವುದು. ನದಿಯ ದಡದಲ್ಲಿ ನಿಂತವರಿಗೆ ಒಂದು ತಿರುವು ಕಾಣಬಹುದು. ಅದರ ಹಿಂದುಮುಂದಿನ ತಿರುವುಗಳು, ನದಿ ಬಿಟ್ಟುಹೋದ ಹಳೆಯ ಪಾತ್ರಗಳು, ನೀರು ಮುಂದೆ ಯಾವ ಕಡೆಗೆ ಸರಿಯಬಹುದೆಂಬ ಸೂಚನೆಗಳು ಯಾವುವೂ ಅಲ್ಲಿಂದ ಕಾಣುವುದಿಲ್ಲ. ಕೀಹೋಲ್ ಎಂಬ ಸಂಸ್ಥೆ ರೂಪಿಸಿದ್ದ ಅರ್ಥ್‌ವ್ಯೂವರ್ ತಂತ್ರಾಂಶವನ್ನು ಗೂಗಲ್ 2004ರಲ್ಲಿ ತನ್ನದಾಗಿಸಿಕೊಂಡು, 2005ರಲ್ಲಿ ಗೂಗಲ್ ಅರ್ಥ್ ಎಂಬ ಹೆಸರಿನಲ್ಲಿ ಹೊರತಂದ ಮೇಲೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಯಿತು. ಇಂದು ಅದು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಪ್ರೊ ಆವೃತ್ತಿಯಾಗಿ, ಬ್ರೌಸರ್‌ನಲ್ಲಿ ತೆರೆಯುವ ಆವೃತ್ತಿಯಾಗಿ ಮತ್ತು ಮೊಬೈಲ್ ಆ್ಯಪ್ ಆಗಿ ದೊರೆಯುತ್ತದೆ. ಈ ವಿಮರ್ಶೆ ಹೆಚ್ಚಾಗಿ ಪ್ರೊ ಆವೃತ್ತಿಯನ್ನು ಕುರಿತದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ನದಿಗಳನ್ನು ಅರಿಯಲು ಸಾಮಾನ್ಯ ಓದುಗರಿಗೆ ಇದಕ್ಕಿಂತ ಉತ್ತಮವಾದ ಸಾಧನ ಇನ್ನೊಂದಿಲ್ಲ. ಮರುಭೂಮಿಗಳ ವಿಷಯದಲ್ಲಿಯೂ ಬಹುತೇಕ ಹಾಗೆಯೇ. ಪರ್ವತಗಳ ಆಕಾರವನ್ನು ಇದು ಚೆನ್ನಾಗಿ ತೋರಿಸುತ್ತದೆ, ಆದರೆ ಅವುಗಳ ಶಿಲೆಯ ಬಗ್ಗೆ ಬಹಳ ಕಡಿಮೆ ತಿಳಿಸುತ್ತದೆ.

ನದಿಗಳ ಅಧ್ಯಯನಕ್ಕೆ ಇದನ್ನು ಇಷ್ಟು ಬೆಲೆಯುಳ್ಳದ್ದಾಗಿಸುವುದು ಹಳೆಯ ಚಿತ್ರಗಳನ್ನು ವರ್ಷಾನುಕ್ರಮದಲ್ಲಿ ತೆರೆದು ನೋಡುವ ಸೌಲಭ್ಯ. ಪೆರು ದೇಶದ ಉಕಯಾಲಿ ನದಿಯನ್ನು ತೆಗೆದುಕೊಳ್ಳಿ. ಮೇಲೆ ಕಾಣುವ ಕಾಲಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಹೋದರೆ, ಪ್ರತಿಯೊಂದು ತಿರುವಿನ ಹೊರದಡವನ್ನು ವೇಗವಾಗಿ ಹರಿಯುವ ನೀರು ಕೊರೆಯುತ್ತಿರುವುದೂ, ನಿಧಾನವಾಗಿ ಹರಿಯುವ ಒಳದಡದಲ್ಲಿ ಮರಳು ಮತ್ತು ಮೆಕ್ಕಲು ಸೇರುತ್ತಿರುವುದೂ, ಎರಡು ತಿರುವುಗಳ ನಡುವಿನ ನೆಲದ ಕತ್ತು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದು ಕೊನೆಗೆ ನದಿ ಅದನ್ನು ಕಡಿದುಕೊಂಡು ನೇರವಾಗಿ ಹರಿಯುವುದೂ ಸ್ಪಷ್ಟವಾಗಿ ಕಾಣುತ್ತವೆ. ನದಿ ತೊರೆದ ತಿರುವು ಕುದುರೆ ಲಾಳಾಕಾರದ ಸರೋವರವಾಗಿ ಉಳಿಯುತ್ತದೆ. ಶಾಲೆಯ ಪಠ್ಯದಲ್ಲಿ ಒಂದು ರೇಖಾಚಿತ್ರವಾಗಿ ಮುಗಿದುಹೋಗುವ ಈ ಕ್ರಿಯೆ ಇಲ್ಲಿ ನಿಜವಾದ ನದಿಯೊಂದರಲ್ಲಿ, ನಿಜವಾದ ವರ್ಷಗಳ ಲೆಕ್ಕದಲ್ಲಿ ನಡೆಯುತ್ತದೆ. ಒಳದಡಗಳ ಕಾಡಿನಲ್ಲಿ ಒಂದರ ಹಿಂದೆ ಒಂದರಂತೆ ಬಾಗಿದ ಗೆರೆಗಳು ಕಾಣುತ್ತವೆ. ನದಿ ಒಂದೊಂದು ಕಾಲದಲ್ಲಿ ಎಲ್ಲಿತ್ತೆಂಬುದರ ದಾಖಲೆ ಅವು. ಅವುಗಳನ್ನು ಗುರುತಿಸಲು ಒಮ್ಮೆ ಕಲಿತ ಮೇಲೆ, ಕಾಲಪಟ್ಟಿಯ ನೆರವಿಲ್ಲದೆಯೂ ಯಾವುದೇ ಬಯಲುನದಿಯ ಹಿಂದಿನ ಚಲನೆಯನ್ನು ಊಹಿಸಬಹುದು.

ಕೋಸಿ ನದಿ ಇದಕ್ಕಿಂತ ಗಂಭೀರವಾದ ಪಾಠ. ಹಿಮಾಲಯದಿಂದ ಹೊರಬಂದೊಡನೆ ಇಳಿಜಾರು ತಗ್ಗುವುದರಿಂದ ಅದು ಹೊತ್ತುತಂದ ಹೂಳನ್ನೆಲ್ಲ ಬಯಲಿನಲ್ಲಿ ಬಿಟ್ಟು, ವಿಶಾಲವಾದ ಮೆಕ್ಕಲು ಬೀಸಣಿಗೆಯನ್ನು ಕಟ್ಟಿದೆ. ತಾನೇ ತುಂಬಿದ ಪಾತ್ರವನ್ನು ಬಿಟ್ಟು ತಗ್ಗಿನತ್ತ ಸರಿಯುತ್ತ, ಕಳೆದ ಎರಡು ಶತಮಾನಗಳಿಗೂ ಹೆಚ್ಚಿನ ಅವಧಿಯಲ್ಲಿ ಅದು 100 ಕಿ.ಮೀ.ಗಿಂತ ಹೆಚ್ಚು ಪಶ್ಚಿಮಕ್ಕೆ ಹೋಗಿತ್ತು. 2008ರ ಆಗಸ್ಟ್‌ನಲ್ಲಿ ನೇಪಾಳದ ಕುಸಾಹದ ಬಳಿ ಒಡ್ಡು ಒಡೆದಾಗ ನೀರು ಪೂರ್ವದ ಹಳೆಯ ಪಾತ್ರವೊಂದನ್ನು ಮತ್ತೆ ಹಿಡಿದು ಅಪಾರ ಹಾನಿಯನ್ನುಂಟುಮಾಡಿತು. ಪರದೆಯ ಮೇಲೆ ಆ ಬೀಸಣಿಗೆಯನ್ನು ಪೂರ್ತಿಯಾಗಿ ನೋಡಿದವರಿಗೆ, ಅಲ್ಲಿ ಹರಡಿಕೊಂಡಿರುವ ಪ್ರತಿಯೊಂದು ಹಳೆಯ ಕಾಲುವೆಯೂ ನದಿಗೆ ಮತ್ತೊಮ್ಮೆ ತೆರೆಯಬಹುದಾದ ದಾರಿ ಎಂಬುದು ಅರ್ಥವಾಗುತ್ತದೆ.

ಬ್ರೌಸರ್ ಆವೃತ್ತಿಯಲ್ಲಿ 2021ರಿಂದ ದೊರೆಯುವ ಟೈಮ್‌ಲ್ಯಾಪ್ಸ್ ಸೌಲಭ್ಯ 1984ರಿಂದೀಚೆಗಿನ ಉಪಗ್ರಹ ಚಿತ್ರಗಳನ್ನು ಚಲಿಸುವ ದೃಶ್ಯವಾಗಿ ಜೋಡಿಸುತ್ತದೆ. ಲ್ಯಾಂಡ್‌ಸ್ಯಾಟ್ ಎಂಬ ಅಮೆರಿಕದ ಉಪಗ್ರಹಗಳು ತೆಗೆದ ಹಳೆಯ ಚಿತ್ರಗಳಲ್ಲಿ ಒಂದು ಚುಕ್ಕಿ ನೆಲದ ಮೇಲಿನ ಸುಮಾರು 30 ಮೀಟರ್‌ಗೆ ಸಮ. ಆದ್ದರಿಂದ ಸಣ್ಣ ಹಳ್ಳಗಳಿಗೆ ಇದು ಪ್ರಯೋಜನವಿಲ್ಲ. ಆದರೆ ಮಧ್ಯ ಏಷ್ಯಾದ ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳ ನೀರು ಹೊಲಗಳಿಗೆ ಹೋಗಿ, ಅವು ಸೇರುತ್ತಿದ್ದ ಅರಾಲ್ ಸಮುದ್ರ ಬಹುಪಾಲು ಒಣಗಿ, ಅದರ ತಳವೇ ಹೊಸ ಮರುಭೂಮಿಯಾಗಿ ಮಾರ್ಪಟ್ಟದ್ದನ್ನು ಇಷ್ಟು ಮನಮುಟ್ಟುವಂತೆ ತೋರಿಸುವ ಸಾಧನ ಬೇರೊಂದಿಲ್ಲ.

ಮರುಭೂಮಿಗಳಲ್ಲಿ ಈ ತಂತ್ರಾಂಶದ ಅಳತೆಪಟ್ಟಿಗೆ ಹೆಚ್ಚು ಕೆಲಸ. ಚಾಡ್ ದೇಶದ ಬೊಡೆಲೆ ತಗ್ಗಿನಲ್ಲಿ, ಟಿಬೆಸ್ಟಿ ಮತ್ತು ಎನ್ನೆಡಿ ಬೆಟ್ಟಸಾಲುಗಳ ನಡುವಿನಿಂದ ನುಗ್ಗಿಬರುವ ಗಾಳಿ ಅರ್ಧಚಂದ್ರಾಕಾರದ ಬರ್ಖಾನ್ ದಿಬ್ಬಗಳನ್ನು ಬೇರೆಡೆಗಳಿಗಿಂತ ಬಹಳ ವೇಗವಾಗಿ ತಳ್ಳುತ್ತದೆ. ಬೇರೆ ಬೇರೆ ವರ್ಷಗಳ ಎರಡು ಚಿತ್ರಗಳನ್ನು ತೆರೆದು, ಒಂದೇ ದಿಬ್ಬದ ತುದಿಯನ್ನು ಗುರುತುಮಾಡಿ, ನಡುವಿನ ದೂರವನ್ನು ವರ್ಷಗಳಿಂದ ಭಾಗಿಸಿದರೆ ಅದರ ವೇಗ ಸಿಗುತ್ತದೆ. ಹಾಗೆಯೇ ಪಕ್ಕದ ದೊಡ್ಡ ದಿಬ್ಬವೊಂದನ್ನು ಅಳೆದು ನೋಡಿ. ಅದು ನಿಧಾನವಾಗಿ ಸರಿದಿರುತ್ತದೆ. ನೆತ್ತಿಯನ್ನು ದಾಟಿ ಬೀಳುವ ಮರಳಿನ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದು, ದೊಡ್ಡ ದಿಬ್ಬದಲ್ಲಿ ಸಾಗಿಸಬೇಕಾದ ಮರಳು ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಬರ್ಖಾನ್‌ನ ಕೊಂಬುಗಳು ಗಾಳಿ ಹೋಗುವ ದಿಕ್ಕಿಗೆ ಚಾಚಿರುತ್ತವೆ, ನಮೀಬ್ ಮರುಭೂಮಿಯಲ್ಲಿ ಕಾಣುವ ನಕ್ಷತ್ರಾಕಾರದ ದಿಬ್ಬಗಳು ಹಲವು ದಿಕ್ಕುಗಳ ಗಾಳಿಗೆ ಸಾಕ್ಷಿ, ಅರೇಬಿಯಾದ ರಬ್ ಅಲ್ ಖಾಲಿ ಮರುಭೂಮಿಯ ಉದ್ದನೆಯ ಸಾಲುದಿಬ್ಬಗಳು ಬೇರೆಯೇ ಗಾಳಿವ್ಯವಸ್ಥೆಯ ಫಲ. ಹೀಗೆ ಮಾಪನಕೇಂದ್ರವೇ ಇಲ್ಲದ ನೆಲದಲ್ಲಿಯೂ ಗಾಳಿಯ ಸ್ವಭಾವವನ್ನು ಮರಳಿನಿಂದಲೇ ತಿಳಿಯಬಹುದು.

ಮಾರಿಟೇನಿಯಾದ ರಿಶಾಟ್ ರಚನೆಯನ್ನು ನೋಡದೆ ಮರುಭೂಮಿಯಿಂದ ಹೊರಡಬಾರದು. ಸುಮಾರು 40 ಕಿ.ಮೀ. ವ್ಯಾಸದ ಈ ಉಂಗುರಗಳನ್ನು ಹಿಂದೆ ಉಲ್ಕಾಪಾತದ ಕುಳಿಯೆಂದು ಭಾವಿಸಿದ್ದರು. ಅದು ಗುಮ್ಮಟದಂತೆ ಉಬ್ಬಿದ ಪದರುಶಿಲೆ ಸವೆದು ಉಳಿದ ರೂಪವೆಂಬುದು ಈಗ ಒಪ್ಪಿತವಾದ ವಿವರಣೆ. ಗಟ್ಟಿಯಾದ ಕ್ವಾರ್ಟ್ಜೈಟ್ ಪದರಗಳು ಏಣುಗಳಾಗಿ ನಿಂತಿವೆ, ಮೆದು ಪದರಗಳು ತಗ್ಗುಗಳಾಗಿವೆ. ನೋಟವನ್ನು ಓರೆಮಾಡಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಪರ್ವತಗಳ ವಿಷಯಕ್ಕೆ ಬಂದರೆ, ಇರಾನಿನ ಝಾಗ್ರೋಸ್ ಶ್ರೇಣಿ ಅತ್ಯುತ್ತಮ ಆರಂಭ. ಅಲ್ಲಿ ಸಸ್ಯಾವರಣ ಕಡಿಮೆಯಿರುವುದರಿಂದ ಮಡಿಕೆ ಪರ್ವತವೆಂದರೇನು ಎಂಬುದು ಮೇಲಿನಿಂದಲೇ ತಿಳಿಯುತ್ತದೆ. ಮೇಲ್ಮಡಿಕೆಗಳು, ಅಂದರೆ ಕಮಾನಿನಂತೆ ಮೇಲಕ್ಕೆ ಬಾಗಿದ ಶಿಲಾಪದರಗಳು, ಉದ್ದನೆಯ ಬೆಟ್ಟಗಳಾಗಿ ಸಾಲುಗಟ್ಟಿವೆ, ಅವುಗಳ ನಡುವೆ ಅಲ್ಲಲ್ಲಿ ಭೂಗರ್ಭದಿಂದ ಮೇಲೆದ್ದ ಉಪ್ಪು ಹಿಮನದಿಯ ಹಾಗೆ ಕಣಿವೆಗಿಳಿದಿದೆ. ಕ್ಯಾಲಿಫೋರ್ನಿಯಾದ ಕರೀಝೋ ಬಯಲಿನಲ್ಲಿರುವ ವಾಲೇಸ್ ಕ್ರೀಕ್ ಎಂಬ ಹಳ್ಳವನ್ನೂ ಹುಡುಕಿ ನೋಡಬೇಕು. ಎರಡು ಭೂಫಲಕಗಳು ಒಂದರ ಪಕ್ಕ ಒಂದು ಸರಿಯುವ ಬಿರುಕಾದ ಸಾನ್ ಆಂಡ್ರಿಯಾಸ್ ಸ್ತರಭಂಗವನ್ನು ದಾಟುವಲ್ಲಿ ಅದು ಸುಮಾರು 130 ಮೀಟರ್ ಪಕ್ಕಕ್ಕೆ ಸರಿದಿದೆ. ಈ ಸರಿತ ಸುಮಾರು 3,700 ವರ್ಷಗಳದ್ದೆಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಭಾಗಿಸಿದರೆ ವರ್ಷಕ್ಕೆ ಸರಾಸರಿ 35 ಮಿಲಿಮೀಟರ್‌ನಷ್ಟಾಗುತ್ತದೆ. ಭೂಫಲಕಗಳ ಚಲನೆಯನ್ನು ಅಳತೆಪಟ್ಟಿಯಿಂದ ಸ್ವತಃ ಅಳೆಯುವ ಈ ಅನುಭವವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಪಡೆಯಬೇಕೆಂಬುದು ನನ್ನ ಬಲವಾದ ಆಸೆ.

ಗೆರೆಯೊಂದನ್ನು ಎಳೆದು ಎತ್ತರದ ಪಾರ್ಶ್ವನೋಟವನ್ನು ಪಡೆಯುವ ಸೌಲಭ್ಯವೂ ಪ್ರೊ ಆವೃತ್ತಿಯಲ್ಲಿದೆ. ಧವಳಗಿರಿಯಿಂದ ಅನ್ನಪೂರ್ಣದವರೆಗೆ, ಸುಮಾರು 35 ಕಿ.ಮೀ. ದೂರದ ಗೆರೆ ಎಳೆದರೆ, 8,000 ಮೀಟರ್ ಮೀರಿದ ಎರಡು ಶಿಖರಗಳ ನಡುವೆ ಕಾಳಿ ಗಂಡಕಿ ಅದೆಷ್ಟು ಆಳದಲ್ಲಿ ಹರಿಯುತ್ತದೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಪರ್ವತ ಮೇಲೇಳುವ ಮೊದಲೇ ಇದ್ದ ನದಿ, ಅದು ಏಳುತ್ತಿದ್ದಂತೆ ಕೊರೆಯುತ್ತ ಬಂದು ತನ್ನ ದಾರಿಯನ್ನು ಉಳಿಸಿಕೊಂಡಿತೆಂಬ ವಿವರಣೆ ಆ ರೇಖೆಯನ್ನು ನೋಡಿದ ಮೇಲೆ ಹೆಚ್ಚು ಮನವರಿಕೆಯಾಗುತ್ತದೆ.

ಮಿತಿಗಳೂ ಇವೆ, ಅವು ಸಣ್ಣವಲ್ಲ. ಮೇಲಿನಿಂದ ತೆಗೆದ ಚಿತ್ರವನ್ನು ಎತ್ತರದ ಮಾದರಿಯ ಮೇಲೆ ಹೊದಿಸುವುದರಿಂದ, ಕಡಿದಾದ ಬಂಡೆಗೋಡೆಗಳ ಮೇಲೆ ಚಿತ್ರ ಹಿಗ್ಗಿ ಮಸುಕಾಗುತ್ತದೆ. ಶಿಲಾಪದರಗಳು ಹೆಚ್ಚು ಸ್ಪಷ್ಟವಾಗಿ ಕಾಣಬೇಕಾದದ್ದೇ ಅಂಥ ಗೋಡೆಗಳಲ್ಲಿ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಗಟ್ಟಿ ಸುಣ್ಣಕಲ್ಲು ಕಡಿದಾದ ಗೋಡೆಯಾಗಿ, ಮೆದುವಾದ ಜೇಡಿಶಿಲೆ ಇಳಿಜಾರಾಗಿ ಮೆಟ್ಟಿಲುಗಟ್ಟಿರುವುದನ್ನು ಪಾರ್ಶ್ವನೋಟದಲ್ಲಿ ಗುರುತಿಸಬಹುದಾದರೂ, ತಳದ ಸುಮಾರು 170 ಕೋಟಿ ವರ್ಷಗಳ ರೂಪಾಂತರ ಶಿಲೆಗೂ ಅದರ ಮೇಲಿನ ಪದರಗಳಿಗೂ ನಡುವೆ ಕಳೆದುಹೋಗಿರುವ ದೀರ್ಘ ಕಾಲವನ್ನು ಪರದೆ ಹೇಳಲಾರದು. ಎವರೆಸ್ಟ್‌ನ ತುದಿಯಲ್ಲಿರುವುದು ಪ್ರಾಚೀನ ಸಮುದ್ರದಲ್ಲಿ ರೂಪುಗೊಂಡ ಸುಣ್ಣಕಲ್ಲು. ಇಲ್ಲಿ ಕಾಣುವುದು ಹಿಮ ಮಾತ್ರ. ಎತ್ತರವನ್ನು ಮೂರು ಪಟ್ಟಿನವರೆಗೆ ಉತ್ಪ್ರೇಕ್ಷಿಸಿ ತೋರಿಸುವ ಆಯ್ಕೆಯನ್ನು ಒಂದಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಇಳಿಜಾರುಗಳ ಬಗ್ಗೆ ತಪ್ಪು ಕಲ್ಪನೆ ಬೆಳೆಯುತ್ತದೆ. ಉತ್ತರಾರ್ಧಗೋಳದ ಚಿತ್ರಗಳಲ್ಲಿ ಬೆಳಕು ದಕ್ಷಿಣದಿಂದ ಬೀಳುವುದರಿಂದ ಕಣಿವೆಗಳು ಏಣುಗಳಂತೆ ತೋರಬಹುದು. ನೋಟವನ್ನು ತಿರುಗಿಸಿ ದಕ್ಷಿಣವನ್ನು ಮೇಲಕ್ಕೆ ತಂದರೆ ಈ ಭ್ರಮೆ ಹೋಗುತ್ತದೆ. ಒಂದೇ ನೋಟದಲ್ಲಿ ಬೇರೆ ಬೇರೆ ದಿನಗಳ ಚಿತ್ರಗಳು ಹೊಲಿದುಕೊಂಡಿರುವುದರಿಂದ, ನೆಲದ ಬಣ್ಣ ಥಟ್ಟನೆ ಬದಲಾದಲ್ಲಿ ಶಿಲೆ ಬದಲಾಯಿತೆಂದು ತೀರ್ಮಾನಿಸುವ ಮೊದಲು ಚಿತ್ರದ ದಿನಾಂಕವನ್ನು ನೋಡಬೇಕು.

ಶಿಲೆಯ ಕೊರತೆಯನ್ನು ತುಂಬಿಕೊಳ್ಳಲು ದಾರಿಯಿದೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಂಥವು ತಮ್ಮ ಭೂವೈಜ್ಞಾನಿಕ ನಕ್ಷೆಗಳನ್ನು ಗೂಗಲ್ ಅರ್ಥ್‌ನಲ್ಲಿ ತೆರೆಯಬಹುದಾದ ಕೆಎಂಎಲ್ ಎಂಬ ಕಡತರೂಪದಲ್ಲಿ ಒದಗಿಸುತ್ತವೆ. ಅವುಗಳನ್ನು ನೆಲದ ಮೇಲೆ ಹೊದಿಸಿ, ಪಾರದರ್ಶಕತೆಯನ್ನು ಅರ್ಧಕ್ಕಿಳಿಸಿ ನೋಡಿದಾಗ ಆಕಾರಕ್ಕೂ ಶಿಲೆಗೂ ಇರುವ ಸಂಬಂಧ ಬಿಚ್ಚಿಕೊಳ್ಳುತ್ತದೆ. ತರಗತಿಯಲ್ಲಿ ಬೇಗನೆ ತೋರಿಸಬೇಕಾದವರಿಗೆ ಬ್ರೌಸರ್ ಆವೃತ್ತಿ ಸಾಕು. ಕಂಡದ್ದನ್ನು ಅಳೆಯಬೇಕು, ನಕ್ಷೆಯೊಂದಿಗೆ ಹೋಲಿಸಬೇಕು, ಗುರುತುಗಳನ್ನು ಕಡತವಾಗಿ ಉಳಿಸಿಕೊಳ್ಳಬೇಕು ಎನ್ನುವವರು ಪ್ರೊ ಆವೃತ್ತಿಯನ್ನೇ ಇಳಿಸಿಕೊಳ್ಳಬೇಕೆಂಬುದು ನನ್ನ ಶಿಫಾರಸು.