ಟ್ರೇಲರ್ ಎಳೆಯೋಕೆ ಯಾವ ಟ್ರ್ಯಾಕ್ಟರ್?

ದೊಡ್ಡ ಟ್ರೇಲರ್ ಎಳೆಯೋಕೆ 35 ಎಚ್‌ಪಿ (ಎಂಜಿನ್ನಿನ ಶಕ್ತಿ) ಸಾಕಾ, 45–50 ಬೇಕಾ, ಇಲ್ಲ ನಾಲ್ಕೂ ಗಾಲಿಗೆ ಎಂಜಿನ್ ಬಲ ಸಿಗೋ ಫೋರ್ ವೀಲ್ ಡ್ರೈವೇ ತಗೊಳ್ಳಲಾ ಅಂತ ಕೇಳಿದ್ದೀರಿ. ಮೊದಲು ಏನು ಹೇರುತ್ತೀರಿ ನೋಡಿ. ಬ್ಯಾಡಗಿ ಪೇಟೆಗೆ ಒಣಮೆಣಸಿನಕಾಯಿ ಒಯ್ಯೋದಾದರೆ ಟ್ರೇಲರ್ ತುಂಬಿ ಕಂಡರೂ ತೂಕ ಕಮ್ಮಿ. 35 ಎಚ್‌ಪಿ ಆರಾಮಾಗಿ ಎಳೆಯುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಗೋವಿನಜೋಳ, ಕಬ್ಬು ಅಂದರೆ ಲೆಕ್ಕವೇ ಬೇರೆ. ಅಲ್ಲಿ 45ಕ್ಕಿಂತ ಕೆಳಗೆ ಇಳಿಯಬೇಡಿ.

ಆದರೆ ನನಗೆ ಎಚ್‌ಪಿಗಿಂತ ಮುಖ್ಯ ಅನಿಸೋದು ಟ್ರ್ಯಾಕ್ಟರಿನ ತೂಕ ಮತ್ತು ಬ್ರೇಕ್. ನಮ್ಮ ಕಡೆ ಬಹಳಷ್ಟು ಟ್ರೇಲರ್‌ಗಳಿಗೆ ಬ್ರೇಕೇ ಇರಲ್ಲ. ಇಳಿಜಾರಿನಲ್ಲಿ ಹಿಂದಿನ ಭಾರವನ್ನೆಲ್ಲ ಟ್ರ್ಯಾಕ್ಟರೇ ತಡೀಬೇಕು. ಹಗುರ ಗಾಡಿಯಾದರೆ ಟ್ರೇಲರ್ ಅದನ್ನೇ ದಬ್ಬಿಕೊಂಡು ಹೋಗುತ್ತದೆ. ಇಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ, ದಯವಿಟ್ಟು.

ಎರಡು ಗಾಲಿಯ ಟ್ರೇಲರ್‌ನ ಸ್ವಲ್ಪ ಭಾರ ಕೊಂಡಿಯ ಮೇಲೆ ಕೂತು ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಹಿಡಿತ ಕೊಡುತ್ತದೆ. ಅದು ಮಿತಿ ಮೀರಿದರೆ ಮುಂದಿನ ಗಾಲಿ ಎದ್ದು ಸ್ಟೇರಿಂಗ್ ಮಾತೇ ಕೇಳಲ್ಲ. ನಾಲ್ಕು ಗಾಲಿಯದು ತನ್ನ ಭಾರ ತಾನೇ ಹೊರುತ್ತದೆ, ರಿವರ್ಸ್ ಮಾತ್ರ ಕಷ್ಟ.

ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ಬೇಕಾಗೋದು ನವಲಗುಂದ, ರೋಣದಂಥ ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ. ಮಳೆ ಬಿದ್ದ ಮೇಲೆ ಟೈರಿನ ಸಂದಿಗೆಲ್ಲ ಮಣ್ಣು ಮೆತ್ತಿ ಗಾಲಿ ಸುಮ್ನೆ ತಿರುಗುತ್ತದೆ, ಗಾಡಿ ಕದಲಲ್ಲ. ಹೊಲದೊಳಗಿಂದಲೇ ಮಾಲು ಎತ್ತುವವರಿಗೆ ಕೊಟ್ಟ ಜಾಸ್ತಿ ದುಡ್ಡು ಅಲ್ಲಿ ದಕ್ಕುತ್ತದೆ. ಮಸಾರಿ (ಕೆಂಪು ಮಣ್ಣಿನ) ಭೂಮಿ, ಡಾಂಬರು ರಸ್ತೆಯ ಓಡಾಟವೇ ಹೆಚ್ಚು ಅಂದರೆ ಟೂ ವೀಲ್ ಡ್ರೈವ್ ಸಾಕು. ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಿದರೆ ಮುಂದಿನ ಟೈರ್ ಬೇಗ ಸವೆಯುತ್ತವೆ.

ಕೊಳ್ಳುವ ಮುಂಚೆ ನಿಮ್ಮದೇ ಟ್ರೇಲರ್ ತುಂಬಿಸಿ ಡೆಮೊ ಕೇಳಿ. ಏರಿನಲ್ಲಿ ನಿಲ್ಲಿಸಿ, ಅಲ್ಲಿಂದ ಮತ್ತೆ ಹೊರಡಿಸಿ ನೋಡಿ.