ಮೂರು ಹುಡುಗರ ಮೌನ: ಹದಿಹರೆಯದ ಪ್ರೀತಿಯ ಮೂರು ಚೀನೀ ಧಾರಾವಾಹಿಗಳು

ಕಳೆದ ಮಳೆಗಾಲದಲ್ಲಿ ರಾತ್ರಿ ಊಟವಾದ ಮೇಲೆ ದಿನಕ್ಕೆ ಒಂದು ಕಂತು, ಹೆಚ್ಚೆಂದರೆ ಎರಡು ಎಂದು ನಿಯಮ ಹಾಕಿಕೊಂಡು, ಶಾಲೆಯಲ್ಲಿ ಮೊಳೆಯುವ ಪ್ರೀತಿಯ ಮೂರು ಚೀನೀ ಧಾರಾವಾಹಿಗಳನ್ನು ಒಂದರ ಹಿಂದೆ ಒಂದರಂತೆ ನೋಡಿ ಮುಗಿಸಿದೆ. 2017ರ ‘ಎ ಲವ್ ಸೋ ಬ್ಯೂಟಿಫುಲ್’, 2023ರ ‘ವೆನ್ ಐ ಫ್ಲೈ ಟುವರ್ಡ್ಸ್ ಯೂ’ ಮತ್ತು 2016ರ ‘ವಿತ್ ಯೂ’, ಇವೇ ಆ ಮೂರು. ಮೂರಕ್ಕೂ ಕಾದಂಬರಿಗಳೇ ಆಧಾರ, ಮೂರೂ ಇಪ್ಪತ್ತನಾಲ್ಕು ಕಂತುಗಳ ಆಸುಪಾಸಿನಲ್ಲಿ ಮುಗಿಯುತ್ತವೆ. ಮೂರರಲ್ಲೂ ಹುಡುಗಿ ಮನಸ್ಸು ತೆರೆದುಕೊಂಡೇ ಇರುತ್ತಾಳೆ, ಹುಡುಗ ಮಾತ್ರ ಒಂದಲ್ಲ ಒಂದು ಘಟ್ಟದಲ್ಲಿ ಮೌನಕ್ಕೆ ಸರಿಯುತ್ತಾನೆ. ಆ ಮೌನಕ್ಕೆ ಕಥೆ ಏನು ಕಾರಣ ಕೊಡುತ್ತದೆ ಎಂಬುದರ ಮೇಲೆಯೇ ನನ್ನ ಮೆಚ್ಚುಗೆ ಏರಿಳಿಯಿತು.

ಚೀನಾದಲ್ಲಿ ಹಿರಿಯ ಪ್ರೌಢಶಾಲೆಯ ಮೂರು ವರ್ಷಗಳೂ ಜೂನ್ ತಿಂಗಳಲ್ಲಿ ನಡೆಯುವ ‘ಗಾವ್‌ಕಾವ್’ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಕಡೆಗೇ ಮುಖ ಮಾಡಿರುತ್ತವೆ. ಹಗಲಿನ ಪಾಠ ಮುಗಿದರೂ ರಾತ್ರಿಯ ಓದಿಗೆಂದು ಮಕ್ಕಳು ಮತ್ತೆ ತರಗತಿಯಲ್ಲೇ ಕೂರುತ್ತಾರೆ. ಆ ವಯಸ್ಸಿನ ಪ್ರೀತಿಯನ್ನು ‘ಜಾವ್‌ಲಿಯೆನ್’, ಅಂದರೆ ಹೊತ್ತಿಗೆ ಮುಂಚಿನ ಪ್ರೀತಿ ಎಂದು ಕರೆದು ಹಿರಿಯರು ತಡೆಯುತ್ತಾರೆ. ಇಷ್ಟಿದ್ದೂ ಹುಡುಗ ಹುಡುಗಿಯರು ಒಂದೇ ಮೇಜಿಗೆ ಅಕ್ಕಪಕ್ಕ ಕೂರುವುದು ಅಲ್ಲಿ ಸಹಜವಾದ ಸಂಗತಿ. ಎಡಸಾಲು ಹುಡುಗರದು, ಬಲಸಾಲು ಹುಡುಗಿಯರದು ಎಂದು ವಿಂಗಡಿಸಿದ್ದ ಶಾಲೆಯಲ್ಲಿ ಓದಿದ ನನಗೆ, ದೊಗಲೆ ಟ್ರ್ಯಾಕ್‌ಸೂಟಿನಂಥ ಸಮವಸ್ತ್ರ ತೊಟ್ಟ ಇಬ್ಬರು ಒಂದೇ ಮೇಜಿನ ಮೇಲೆ ಪುಸ್ತಕಗಳ ಗೋಪುರ ಕಟ್ಟಿಕೊಂಡು ವರ್ಷಗಟ್ಟಲೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುವ ದೃಶ್ಯಕ್ಕೆ ಒಗ್ಗಿಕೊಳ್ಳಲು ಕೆಲವು ಕಂತುಗಳೇ ಬೇಕಾದವು.

‘ಎ ಲವ್ ಸೋ ಬ್ಯೂಟಿಫುಲ್’ ಮೂರರಲ್ಲಿ ಅತ್ಯಂತ ಸುಲಭವಾಗಿ ಒಳಗೆ ಕರೆದುಕೊಳ್ಳುವ ಧಾರಾವಾಹಿ. ಶೆನ್ ಯುವೆ ನಿರ್ವಹಿಸಿದ ಚೆನ್ ಶಿಯಾವ್‌ಶಿ ಚಿತ್ರ ಬರೆಯುವ, ಓದಿನಲ್ಲಿ ಹಿಂದಿರುವ, ಪ್ರೀತಿಯನ್ನು ಎಳ್ಳಷ್ಟೂ ಬಚ್ಚಿಡಲಾರದ ಹುಡುಗಿ; ಹು ಯಿಟಿಯಾನ್ ನಿರ್ವಹಿಸಿದ ಜಿಯಾಂಗ್ ಚೆನ್ ಅವಳ ನೆರೆಮನೆಯವನು, ತರಗತಿಗೇ ಮುಂದಿರುವವನು, ಮುಂದೆ ವೈದ್ಯನಾಗುವವನು. ಈಜುಗಾರ ವು ಬೊಸೊಂಗ್ ಸೇರಿದಂತೆ ಗೆಳೆಯರ ಗುಂಪು ಬಹಳ ಲವಲವಿಕೆಯದು, ಅವರು ಒಟ್ಟಿಗಿರುವ ಯಾವ ದೃಶ್ಯವೂ ನನಗೆ ಬೇಸರ ತರಿಸಲಿಲ್ಲ. ಆದರೆ ಜಿಯಾಂಗ್ ಚೆನ್‌ನ ಮೌನವನ್ನು ಕಥೆ ಅವನ ಸ್ವಭಾವವೆಂದೇ ಒಪ್ಪಿಕೊಂಡುಬಿಡುತ್ತದೆ. ಅವನ ಸಣ್ಣಪುಟ್ಟ ಕಾಳಜಿಗಳಿಂದ ಅವನ ಪ್ರೀತಿಯನ್ನು ನಾವು ಊಹಿಸಿಕೊಳ್ಳುತ್ತೇವೆ, ಆ ಊಹೆಯ ಸುಖವೇ ಈ ಧಾರಾವಾಹಿಯ ಸೆಳೆತ. ಅಷ್ಟೆಲ್ಲವನ್ನೂ ಕಾಣಲಾಗದ ಶಿಯಾವ್‌ಶಿಯ ಜಾಗದಲ್ಲಿ ನಿಂತು ನೋಡಿದರೆ ಅದೇ ಮೌನ ಕಠೋರವಾಗಿ ಕಾಣಿಸುತ್ತದೆ. ಎರಡನೆಯ ಸಲ ನೋಡಿದಾಗ ನಾನು ಅವಳ ಜಾಗದಲ್ಲೇ ನಿಂತಿದ್ದೆ. ಅವರಿಬ್ಬರೂ ಅಗಲಿ ಮತ್ತೆ ಸೇರುವ ಕೊನೆಯ ಭಾಗ ಶಾಲೆಯ ಭಾಗದಷ್ಟು ಗಟ್ಟಿಯಾಗಿಲ್ಲ.

‘ವೆನ್ ಐ ಫ್ಲೈ ಟುವರ್ಡ್ಸ್ ಯೂ’ ಈ ಕೊರತೆಯನ್ನೇ ತುಂಬಿಕೊಡುತ್ತದೆ. ಚೌ ಯಿರಾನ್ ನಿರ್ವಹಿಸಿದ ಝಾಂಗ್ ಲುರಾಂಗ್ ಬೇರೆ ಶಾಲೆಯಿಂದ ಬಂದು ಸೇರಿಕೊಂಡವನು, ಸೋದರಮಾವನ ಮನೆಯಲ್ಲಿ ಇರುವವನು, ತಮ್ಮನೊಂದಿಗೆ ಸದಾ ಹೋಲಿಸಿಕೊಂಡು ಕುಗ್ಗಿದವನು. ಅವನು ಮಾತಾಡದಿರುವುದು ತನ್ನ ಮಾತಿಗೆ ಬೆಲೆಯಿಲ್ಲವೆಂದು ಮನೆಯಲ್ಲೇ ಕಲಿತಿರುವುದರಿಂದ. ಝಾಂಗ್ ಮ್ಯಾವ್‌ಯಿ ನಿರ್ವಹಿಸಿದ ಸು ಝಾಯ್‌ಝಾಯ್ ಅವನನ್ನು ಗೆಲ್ಲಲು ಹೊರಡುತ್ತಾಳೆ ಎಂದುಕೊಂಡು ನೋಡತೊಡಗಿದವಳು ನಾನು; ಅವಳು ಅವನ ಕುಗ್ಗಿದ ಮನಸ್ಸನ್ನು ಒಂದೊಂದೇ ಮೆಚ್ಚುಗೆಯ ಮಾತಿನಿಂದ ನೆಟ್ಟಗೆ ನಿಲ್ಲಿಸುತ್ತಾಳೆ. ಇಲ್ಲಿ ಅಪಾರ್ಥಗಳು ದಿನಗಟ್ಟಲೆ ಎಳೆಯುವುದಿಲ್ಲ, ಪ್ರೀತಿಯ ಮೂರನೆಯ ಕೋನವೆಂದು ಯಾರನ್ನೂ ಕೆಟ್ಟವರನ್ನಾಗಿ ಮಾಡುವುದಿಲ್ಲ. ದಣಿದ ದಿನದ ರಾತ್ರಿಗೆ ಇದಕ್ಕಿಂತ ಹಿತವಾದದ್ದು ಇಲ್ಲ. ಆದರೂ ಕೊನೆಯ ಕಂತುಗಳಲ್ಲಿ ಎಲ್ಲವೂ ಸಲೀಸಾಗಿ ಸರಿಹೋಗುವುದರಿಂದ ಮನಸ್ಸಿನಲ್ಲಿ ಉಳಿಯುವ ಗುರುತು ಸ್ವಲ್ಪ ಹಗುರವಾದದ್ದು.

ಎಲ್ಲಕ್ಕಿಂತ ಆಳವಾಗಿ ನಾಟಿದ್ದು ‘ವಿತ್ ಯೂ’. ಸಾರ್ಸ್ ಎಂಬ ಸಾಂಕ್ರಾಮಿಕ ರೋಗದ ಹಾವಳಿಯ ವರ್ಷ ನಡೆದ ಹಿರಿಯ ಪ್ರೌಢಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಅದೃಷ್ಟ ಒಲಿದು ಝೆನ್‌ಹುವಾ ಎಂಬ ಹೆಸರಾಂತ ಶಾಲೆಗೆ ಬಂದುಬಿಟ್ಟ ಸಾಧಾರಣ ವಿದ್ಯಾರ್ಥಿನಿ ಗೆಂಗ್ ಗೆಂಗ್ ಆಗಿ ಟಾನ್ ಸೊಂಗ್‌ಯುನ್, ಅವಳ ಪಕ್ಕದಲ್ಲಿ ಕೂರುವ ಜಾಣ ಯು ಹ್ವಾಯ್ ಆಗಿ ಲಿಯು ಹಾವ್‌ರಾನ್ ಇದ್ದಾರೆ. ಇಬ್ಬರ ಹೆಸರನ್ನೂ ಕೂಡಿಸಿ ಉಚ್ಚರಿಸಿದರೆ, ಮನಸ್ಸಿನಲ್ಲಿ ಕೊರೆಯುತ್ತಲೇ ಇರುವುದು, ಮರೆಯಲಾಗದಿರುವುದು ಎಂಬರ್ಥದ ಚೀನೀ ನುಡಿಗಟ್ಟು ಕೇಳಿಸುತ್ತದೆ. ನಾನು ನೋಡಿದ ಇಂಗ್ಲಿಷ್ ಅಡಿಬರಹದಲ್ಲಿ ಆ ಶ್ಲೇಷೆ ಕಾಣೆಯಾಗಿತ್ತು. ಅದು ಗೊತ್ತಾದ ಮೇಲೆ ಮೊದಲ ಪರಿಚಯದ ದೃಶ್ಯಕ್ಕೆ ಹಿಂತಿರುಗಿ ನೋಡಿದಾಗ, ಆ ಇಬ್ಬರು ಮಕ್ಕಳು ತಮ್ಮ ಮುಂದಿನ ವರ್ಷಗಳನ್ನು ತಮಗೆ ತಿಳಿಯದೆಯೇ ಹೆಸರಿನಲ್ಲಿ ಹೊತ್ತುಕೊಂಡು ಬಂದಿದ್ದಾರೆಂದು ಅನ್ನಿಸಿ ಮನಸ್ಸು ಭಾರವಾಯಿತು.

ಯು ಹ್ವಾಯ್ ಮೊದಲಿಂದ ಮೌನಿಯಲ್ಲ. ಅವನು ಕೀಟಲೆ ಮಾಡುತ್ತಾನೆ, ನಗಿಸುತ್ತಾನೆ, ಗೆಂಗ್ ಗೆಂಗ್‌ಗೆ ಅರ್ಥವಾಗದ ಲೆಕ್ಕವನ್ನು ಬೇಸರಿಸದೆ ಬಿಡಿಸಿ ತೋರಿಸುತ್ತಾನೆ. ಅವನನ್ನು ಮೌನಕ್ಕೆ ದೂಡುವುದು ಸೋಲು. ಭೌತಶಾಸ್ತ್ರ ಸ್ಪರ್ಧೆಯ ಮೇಲೆ ಇಟ್ಟ ಭರವಸೆ ಕೈಕೊಡುತ್ತದೆ, ಗಾವ್‌ಕಾವ್ ಕೂಡ ಎಣಿಸಿದಂತೆ ಆಗುವುದಿಲ್ಲ, ಅವನು ಯಾರಿಗೂ ಹೇಳದೆ ಅವಳ ಬದುಕಿನಿಂದ ಮರೆಯಾಗುತ್ತಾನೆ. ಎರಡನೆಯ ಪಿಯುಸಿ ಫಲಿತಾಂಶದ ದಿನ ಗೆಳೆಯರ ಫೋನು ಎತ್ತದೆ ಕೋಣೆ ಸೇರಿದ ಹುಡುಗರನ್ನು ಕಂಡ ನಮಗೆ ಆ ಮರೆಯಾಗುವಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ನನಗೆ ಅವನ ಮೇಲೆ ಕೋಪ ಬಂತು, ಆದರೆ ಅನುಮಾನ ಬರಲಿಲ್ಲ. ಗೆಂಗ್ ಗೆಂಗ್‌ನ ತಂದೆ, ಮಲತಾಯಿ, ತರಗತಿಯ ಎಳೆಯ ಮೇಷ್ಟ್ರು ಝಾಂಗ್ ಪಿಂಗ್ ಇವರಿಗೆಲ್ಲ ಇಲ್ಲಿ ತಮ್ಮದೇ ಬದುಕಿದೆ, ಉಳಿದೆರಡು ಧಾರಾವಾಹಿಗಳ ಹಿರಿಯರು ಇಷ್ಟು ಹತ್ತಿರ ಬರುವುದಿಲ್ಲ.

ಚೀನೀ ಧಾರಾವಾಹಿಯನ್ನೇ ನೋಡಿರದ ಗೆಳತಿ ಕೇಳಿದಾಗ ‘ಎ ಲವ್ ಸೋ ಬ್ಯೂಟಿಫುಲ್’ನಿಂದ ಆರಂಭಿಸು ಎಂದೆ, ಮನೆಯಲ್ಲಿ ಹದಿನೈದರ ಮಗಳಿರುವ ಅಕ್ಕನಿಗೆ ‘ವೆನ್ ಐ ಫ್ಲೈ ಟುವರ್ಡ್ಸ್ ಯೂ’ ನೋಡಲು ಹೇಳಿದೆ. ‘ವಿತ್ ಯೂ’ವನ್ನು ನನಗೋಸ್ಕರ ಮತ್ತೆ ಮೊದಲಿಂದ ಹಚ್ಚಿದ್ದೇನೆ. ನಿನ್ನೆ ರಾತ್ರಿಗೆ ಆರನೆಯ ಕಂತು ಮುಗಿಯಿತು; ಅವರಿಬ್ಬರೂ ಇನ್ನೂ ಒಂದೇ ಮೇಜಿನಲ್ಲಿದ್ದಾರೆ, ಪರೀಕ್ಷೆ ಇನ್ನೂ ದೂರವಿದೆ.